ಹಲವು ತೊಂದರೆ ಒಟ್ಟಿಗಿರುವ ಮಕ್ಕಳ ಸುರಕ್ಷತೆ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗನಿಗೆ ಈಗ 11 ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇದೆ, ಫಿಟ್ಸ್ ಇದೆ, ಊಟ ಹೊಟ್ಟೆಗೆ ಹಾಕಿಸಿರುವ ಟ್ಯೂಬಿನಲ್ಲಿ. ನಾವಿರುವುದು ಹಾಸನದ ಹತ್ತಿರದ ಹಳ್ಳಿಯಲ್ಲಿ, ಅವನ ಡಾಕ್ಟರ್ ಇರುವುದು ಬೆಂಗಳೂರಿನಲ್ಲಿ. ವಾರ್ಡಿನ ಹೊರಗೆ, ಫಿಸಿಯೋಥೆರಪಿಯ ಬೆಂಚಿನ ಮೇಲೆ ಕೂತಾಗ ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ, ನಾನು ಅವರನ್ನು ಕೇಳಿದ ಪ್ರಶ್ನೆಗಳು ಇವು. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಯಾವ ಔಷಧಿ ಎಷ್ಟು ಅನ್ನುವುದನ್ನು ಅವರೇ ಹೇಳಬೇಕು.

ಯಾವ ಮಕ್ಕಳ ಬಗ್ಗೆ ಇಲ್ಲಿ ಮಾತು?

ಒಂದಕ್ಕಿಂತ ಹೆಚ್ಚು ತೊಂದರೆ ಇರುವ, ದಿನಾ ಹಲವು ಔಷಧಿ ಬೇಕಾಗುವ, ಉಸಿರಾಟಕ್ಕೋ ಊಟಕ್ಕೋ ಟ್ಯೂಬ್ ಅಥವಾ ಮೆಷಿನ್ ನೆಚ್ಚಿಕೊಂಡ ಮಕ್ಕಳು. ಸೆರೆಬ್ರಲ್ ಪಾಲ್ಸಿ ಜೊತೆಗೆ ಫಿಟ್ಸ್ ಇರಬಹುದು. ತಲೆಯಲ್ಲಿ ನೀರು ತುಂಬಿ, ಅದನ್ನು ಹರಿಸಿ ತೆಗೆಯುವ ಶಂಟ್ ಅನ್ನುವ ನಳಿಕೆ ಹಾಕಿಸಿರಬಹುದು. ಕುತ್ತಿಗೆಯಲ್ಲಿ ಟ್ರಾಕಿಯಾಸ್ಟಮಿ, ಅಂದರೆ ಉಸಿರಾಟಕ್ಕೆ ರಂಧ್ರ ಮಾಡಿ ಹಾಕಿದ ಟ್ಯೂಬ್ ಇರಬಹುದು. ಮನೆಯಲ್ಲೇ ಆಕ್ಸಿಜನ್ ನಡೆಯುತ್ತಿರಬಹುದು.

ಇಂಥ ಮಕ್ಕಳಿಗೆ ಚಿಕಿತ್ಸೆಯಲ್ಲೇ ತಪ್ಪಾಗುವ ಅಪಾಯ ಯಾಕೆ ಜಾಸ್ತಿ?

ಕೈ ಜಾಸ್ತಿ, ಅದಕ್ಕೆ. ನರಗಳಿಗೆ ಒಬ್ಬರು ಡಾಕ್ಟರ್, ಮೂಳೆಗೆ ಒಬ್ಬರು, ಹೊಟ್ಟೆಗೆ ಒಬ್ಬರು, ಜ್ವರ ಬಂದರೆ ಊರಿನ ಡಾಕ್ಟರ್. ಒಬ್ಬರು ಬರೆದ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಮಕ್ಕಳ ಔಷಧಿಯನ್ನು ತೂಕ ನೋಡಿ ಲೆಕ್ಕ ಹಾಕಬೇಕು, ಆ ತೂಕ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಮಗುವಿಗೆ ಮಾತು ಬರದಿದ್ದರೆ "ಇದು ನನ್ನ ಮಾತ್ರೆ ಅಲ್ಲ" ಅಂತ ಹೇಳುವವರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರತಿ ವರ್ಷ ಸೆಪ್ಟೆಂಬರ್ 17ರಂದು ರೋಗಿಗಳ ಸುರಕ್ಷತೆಯ ದಿನ ಆಚರಿಸುತ್ತದೆ. 2025ರಲ್ಲಿ ಆ ದಿನವನ್ನು ಪೂರ್ತಿ ಹಸುಗೂಸುಗಳಿಗೆ, ಮಕ್ಕಳಿಗೆ ಮೀಸಲಿಟ್ಟಿದ್ದರು. ಅಂದರೆ ಇದು ನಮ್ಮ ಒಬ್ಬರ ಮನೆಯ ಚಿಂತೆ ಅಲ್ಲ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಮಗುವಿನಲ್ಲಿ ಹೊಸದಾಗಿ ಏನು ಕಂಡರೂ "ಅವನ ಕಾಯಿಲೆಯೇ ಹಾಗಲ್ವಾ" ಅಂದುಬಿಡುತ್ತಾರೆ. ಅತ್ತರೂ ಅದೇ ಮಾತು, ಮಂಕಾದರೂ ಅದೇ ಮಾತು. ಹಳೆಯ ಕಾಯಿಲೆಯ ಹಿಂದೆ ಹೊಸ ಕಾಯಿಲೆ ಅಡಗಿ ಕೂರುತ್ತದೆ.

ಎಲ್ಲಿಂದ ಶುರು ಮಾಡಲಿ? ಒಂದೇ ಒಂದು ಕೆಲಸ ಹೇಳಿ.

ನಿಮ್ಮ ತಲೆಯಲ್ಲಿ ಇರುವುದನ್ನು ಒಂದು ಹಾಳೆಗೆ ಇಳಿಸಿ. ಇವತ್ತೇ.

ಮಗುವಿನ ಹೆಸರು, ಹುಟ್ಟಿದ ದಿನ, ತೂಕ, ತೂಕ ನೋಡಿದ ತಾರೀಖು. ಕಾಯಿಲೆಗಳ ಹೆಸರು. ಔಷಧಿಗಳ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ. ಆಗದ ಔಷಧಿಗಳನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಟ್ಯೂಬ್ ಇದ್ದರೆ ಅದರ ಸೈಜ್, ಹಾಕಿದ ದಿನ. ತುರ್ತಿಗೆ ಏನು ಮಾಡಬೇಕು ಅಂತ ಡಾಕ್ಟರ್ ಹೇಳಿರುವುದು. ಅವರ ಫೋನ್ ನಂಬರ್. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಇಂಥದ್ದೇ ಒಂದು ತುರ್ತು ಮಾಹಿತಿಯ ಹಾಳೆಯನ್ನು 1999ರಷ್ಟು ಹಿಂದೆಯೇ ಮಾಡಿಕೊಟ್ಟಿತ್ತು. ನಮಗೆ ಒಂದು ನೋಟ್‌ಬುಕ್ ಹಾಳೆ ಸಾಕು.

ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ಬಿಡುವುದು ಮುಂದಿನದನ್ನು: ಚೆನ್ನಾಗಿರುವ ದಿನ ನಿಮ್ಮ ಮಗು ಹೇಗಿರುತ್ತದೆ? ನನ್ನ ಹಾಳೆಯಲ್ಲಿ ಹೀಗಿದೆ: "ಹೆಸರು ಕರೆದರೆ ಕಣ್ಣು ತಿರುಗಿಸುತ್ತಾನೆ. ಎಡಗೈ ಯಾವಾಗಲೂ ಬಿಗಿ. ಅಜ್ಜಿಯ ಧ್ವನಿಗೆ ನಗುತ್ತಾನೆ. ಮಲಗಿದಾಗ ಆಕ್ಸಿಜನ್ ಮಟ್ಟ 96ರ ಆಸುಪಾಸು. ಗೊರ ಗೊರ ಸದ್ದು ಬೆಳಗ್ಗೆ ಸ್ವಲ್ಪ ಇರುತ್ತದೆ, ಮಧ್ಯಾಹ್ನ ಇರುವುದಿಲ್ಲ." ಮೊದಲ ಸಲ ನೋಡುವ ಡ್ಯೂಟಿ ಡಾಕ್ಟರಿಗೆ ಈ ಐದು ಸಾಲು ಸಿಕ್ಕರೆ, ಇವತ್ತು ಏನು ಬದಲಾಗಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಚೆನ್ನಾಗಿರುವ ದಿನದ ಒಂದು ನಿಮಿಷದ ವಿಡಿಯೋ ಫೋನಿನಲ್ಲಿ ಇಟ್ಟುಕೊಳ್ಳಿ. ಅದೂ ತುಂಬಾ ಉಪಯೋಗಕ್ಕೆ ಬರುತ್ತದೆ.

ಹಾಳೆಯ ಒಂದು ಪ್ರತಿ ಮನೆಯ ಬಾಗಿಲ ಹಿಂದೆ, ಒಂದು ಬ್ಯಾಗಿನಲ್ಲಿ, ಒಂದು ಫೋಟೋ ಗಂಡನ ಫೋನಿನಲ್ಲಿ. ಔಷಧಿ ಬದಲಾದ ದಿನವೇ ಹಾಳೆಯನ್ನೂ ಬದಲಾಯಿಸಿ. ಹಳೆಯ ಹಾಳೆಯನ್ನು ಹರಿದು ಹಾಕಿ.

ಸಿರಪ್ "5 ಎಂಎಲ್" ಅಂತ ಡಾಕ್ಟರ್ ಹೇಳಿದ್ದಾರೆ. ಅಷ್ಟು ಸಾಲದೇ?

ಸಾಲದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲೇ ಆಗಿದ್ದು.

ಮಗನಿಗೆ ಆಗ ಮೂರು ವರ್ಷ. ಫಿಟ್ಸಿಗೆ ಫಿನಿಟಾಯಿನ್ ಸಿರಪ್ ಕೊಡುತ್ತಿದ್ದೆವು. ಬಾಟಲಿ ಖಾಲಿಯಾಯಿತು ಅಂತ ಒಂದು ಮೆಡಿಕಲ್ ಶಾಪಿನಿಂದ ಹೊಸದು ತಂದೆವು. ಎಂದಿನಂತೆ 5 ಎಂಎಲ್ ಬೆಳಗ್ಗೆ, 5 ಎಂಎಲ್ ರಾತ್ರಿ. ಮೂರನೇ ದಿನಕ್ಕೆ ಅವನು ಏಳಲೇ ಇಲ್ಲ. ಎಬ್ಬಿಸಿದರೆ ಕಣ್ಣುಗುಡ್ಡೆ ಅತ್ತಿತ್ತ ಅಲುಗಾಡುತ್ತಿತ್ತು. ನಿಲ್ಲುತ್ತಿದ್ದ ಕತ್ತು ಜೋಲು ಬಿತ್ತು. ಹತ್ತಿರದ ಆಸ್ಪತ್ರೆಯಲ್ಲಿ "ಇಂಥ ಮಕ್ಕಳು ಹೀಗೇನೇ ಅಮ್ಮ" ಅಂದರು. ಇವನು ಹೀಗಿರುವವನಲ್ಲ ಅಂತ ನನಗೆ ಗೊತ್ತಿತ್ತು. ಬೆಂಗಳೂರಿಗೆ ಹೋದೆವು. ಅಲ್ಲಿ ಒಬ್ಬ ಸಿಸ್ಟರ್ ಕೇಳಿದ್ದು ಒಂದೇ ಮಾತು: "ಬಾಟಲಿ ತಂದಿದ್ದೀರಾ?" ಹಳೆಯ ಬಾಟಲಿಯಲ್ಲಿ 5 ಎಂಎಲ್‌ಗೆ 30 ಮಿಲಿಗ್ರಾಂ ಔಷಧಿ ಇತ್ತು. ಹೊಸದರಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ. ಅದೇ ಹೆಸರು, ಅದೇ ಚಮಚ, ನಾಲ್ಕು ಪಟ್ಟಿಗಿಂತ ಜಾಸ್ತಿ ಔಷಧಿ. ರಕ್ತದಲ್ಲಿ ಔಷಧಿಯ ಮಟ್ಟ ನೋಡಿದರು, ನಿಲ್ಲಿಸಿ ಕಾದರು. ಮಗ ಉಳಿದ.

ಆವತ್ತಿನಿಂದ ನಾನು ಪಾಲಿಸುವ ಪದ್ಧತಿ ಹೀಗಿದೆ. ಪ್ರಮಾಣವನ್ನು ಮಿಲಿಗ್ರಾಮಿನಲ್ಲೂ ಎಂಎಲ್‌ನಲ್ಲೂ ಎರಡೂ ಬರೆಸಿಕೊಳ್ಳುತ್ತೇನೆ. ಹೊಸ ಬಾಟಲಿ ತಂದಾಗ ಹಳೆಯದನ್ನು ಪಕ್ಕದಲ್ಲಿಟ್ಟು, "ಪ್ರತಿ 5 ಎಂಎಲ್‌ನಲ್ಲಿ" ಅಂತ ಲೇಬಲ್ ಮೇಲೆ ಇರುವ ಸಾಲನ್ನು ಓದುತ್ತೇನೆ. ಒಂದಕ್ಕೊಂದು ಹೊಂದದಿದ್ದರೆ ಅಂಗಡಿಗೆ ವಾಪಸ್. ಹಳೆಯ ಖಾಲಿ ಬಾಟಲಿಯನ್ನು ಹೊಸದು ಬರುವ ತನಕ ಎಸೆಯುವುದಿಲ್ಲ.

ಜ್ವರದ ಪ್ಯಾರಾಸಿಟಮಾಲ್ ಕೂಡ ಇದೇ ಕಥೆ. ಪುಟ್ಟ ಕೂಸುಗಳ ಡ್ರಾಪ್ಸಿನಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ 5 ಎಂಎಲ್‌ಗೆ 120, 125, 250 ಹೀಗೆ ಬೇರೆ ಬೇರೆ. ಡ್ರಾಪ್ಸನ್ನು ಸಿರಪ್ ಅಂದುಕೊಂಡು ಚಮಚದಲ್ಲಿ ಕೊಟ್ಟರೆ ಲಿವರಿಗೆ ಕುತ್ತು.

ಅಡುಗೆಮನೆಯ ಚಮಚ ಬೇಡ. ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಫಿನಿಟಾಯಿನ್‌ನಂಥ ಸಿರಪ್‌ಗಳಲ್ಲಿ ಔಷಧಿ ತಳಕ್ಕೆ ಕೂರುತ್ತದೆ. ಚೆನ್ನಾಗಿ ಅಲುಗಾಡಿಸದಿದ್ದರೆ ಬಾಟಲಿಯ ಮೊದಲರ್ಧ ತೆಳು, ಕೊನೆಯರ್ಧ ಗಟ್ಟಿ.

ಟ್ಯೂಬಿನಲ್ಲಿ ಕೊಡಲು ಎಲ್ಲ ಮಾತ್ರೆ ಪುಡಿ ಮಾಡಬಹುದೇ?

ಇಲ್ಲ. ಹೆಸರಿನ ಮುಂದೆ ಸಿಆರ್, ಎಸ್‌ಆರ್, ಎಕ್ಸ್‌ಆರ್ ಅಂತ ಇರುವ ಮಾತ್ರೆಗಳು ಹೊಟ್ಟೆಯಲ್ಲಿ ನಿಧಾನಕ್ಕೆ ಬಿಡುಗಡೆಯಾಗಲಿ ಅಂತ ಮಾಡಿದವು. ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲ ಒಳಗೆ ಹೋಗುತ್ತದೆ. ಸಿರಪ್ ಇದೆಯೇ ಅಂತ ಡಾಕ್ಟರನ್ನು ಕೇಳಿ. ಒಂದೊಂದು ಔಷಧಿಯನ್ನೂ ಬೇರೆ ಬೇರೆ ಕೊಡಿ, ಮೊದಲು ಮತ್ತು ಆಮೇಲೆ ಸ್ವಲ್ಪ ನೀರು ಬಿಡಿ. ಎಲ್ಲವನ್ನೂ ಒಟ್ಟಿಗೆ ಕಲೆಸಿ ಸುರಿದರೆ ಟ್ಯೂಬ್ ಕಟ್ಟಿಕೊಳ್ಳುತ್ತದೆ. ಇನ್ನೊಂದು ವಿಷಯ: ಫಿನಿಟಾಯಿನ್ ಕೊಟ್ಟ ತಕ್ಷಣ ಟ್ಯೂಬಿನಲ್ಲಿ ಹಾಲು, ಗಂಜಿ ಬಿಟ್ಟರೆ ಔಷಧಿ ಸರಿಯಾಗಿ ಹತ್ತುವುದಿಲ್ಲ. ಎಷ್ಟು ಅಂತರ ಬೇಕು ಅಂತ ಕೇಳಿ ಬರೆದುಕೊಳ್ಳಿ.

ಔಷಧಿ ಮುಗಿದಿದೆ, ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಎರಡು ದಿನ ಬಿಟ್ಟರೆ ಏನಾಗುತ್ತದೆ?

ಫಿಟ್ಸಿನ ಔಷಧಿ ಥಟ್ಟನೆ ನಿಂತರೆ ನಿಲ್ಲದ ಫಿಟ್ಸ್ ಬರಬಹುದು. ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್ ಹಠಾತ್ತಾಗಿ ನಿಂತರೂ ಅಪಾಯ. ಬಹಳ ದಿನದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿಗಂತೂ ಜೀವಕ್ಕೇ ಕುತ್ತು. ಹಾಗಾಗಿ ಮನೆಯಲ್ಲಿ ಎರಡು ವಾರದ ಔಷಧಿ ಯಾವಾಗಲೂ ಮುಂದೆ ಇರಲಿ. ನಾನು ಕ್ಯಾಲೆಂಡರಿನಲ್ಲಿ ಬಾಟಲಿ ಮುಗಿಯುವ ದಿನಕ್ಕೆ ಅಲ್ಲ, ಅದಕ್ಕೆ 15 ದಿನ ಮುಂಚಿನ ದಿನಕ್ಕೆ ಗುರುತು ಹಾಕುತ್ತೇನೆ. ಜಾತ್ರೆ, ಮದುವೆ, ಹಬ್ಬದ ರಜಾ ಬರುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಕೊಟ್ಟ ತಕ್ಷಣ ವಾಂತಿಯಾದರೆ ಮತ್ತೆ ಕೊಡಬೇಕೇ ಅನ್ನುವುದನ್ನು ಒಂದೊಂದು ಔಷಧಿಗೂ ಡಾಕ್ಟರನ್ನು ಮೊದಲೇ ಕೇಳಿ ಹಾಳೆಯಲ್ಲಿ ಬರೆದಿಡಿ.

ಮೂಗಿನ ಟ್ಯೂಬ್ ಹೊಟ್ಟೆಯಲ್ಲೇ ಇದೆ ಅಂತ ಹೇಗೆ ತಿಳಿಯುವುದು? ಗಾಳಿ ಬಿಟ್ಟು ಸದ್ದು ಕೇಳಿದರೆ ಸಾಕೇ?

ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿಗೆ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಎಲ್ಲ ಕಡೆ ಇದೆ. ಆದರೆ ಆ ಸದ್ದನ್ನು ನಂಬಬಾರದು. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಕೇಳಬಹುದು. ಇಂಗ್ಲೆಂಡಿನಲ್ಲಿ ಈ ಪರೀಕ್ಷೆಯನ್ನು ಬಿಟ್ಟು ಬಹಳ ವರ್ಷ ಆಯಿತು. ಅಲ್ಲಿ ಟ್ಯೂಬಿನಿಂದ ಸ್ವಲ್ಪ ದ್ರವ ಎಳೆದು, ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿಯ ಮೇಲೆ ಹಾಕಿ ನೋಡುತ್ತಾರೆ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ಹುಳಿ ಅಂತ ಅರ್ಥ. ಸಂಶಯ ಇದ್ದರೆ ಎಕ್ಸ್‌ರೇ. ಮಗು ಗ್ಯಾಸ್ಟ್ರಿಕ್ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಈಗಷ್ಟೇ ಹಾಲು ಕೊಟ್ಟಿದ್ದರೆ, ಟ್ಯೂಬ್ ಸರಿಯಾದ ಜಾಗದಲ್ಲಿದ್ದರೂ ಅಂಕಿ ಮೇಲೆ ಬರಬಹುದು. ಪಿಎಚ್ ಪಟ್ಟಿಯನ್ನು ಎಲ್ಲಿ ಕೊಳ್ಳುವುದು, ಹೇಗೆ ಓದುವುದು ಅಂತ ನಿಮ್ಮ ಆಸ್ಪತ್ರೆಯಲ್ಲಿ ಹೇಳಿಸಿಕೊಳ್ಳಿ.

ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ಎಷ್ಟನೇ ಅಂಕಿ ಇದೆ ಅಂತ ಬರೆದಿಡಿ, ಪ್ರತಿ ಸಲ ಊಟಕ್ಕೆ ಮುಂಚೆ ನೋಡಿ. ಮಗು ಜೋರಾಗಿ ಕೆಮ್ಮಿದ ಮೇಲೆ, ವಾಂತಿ ಮಾಡಿದ ಮೇಲೆ ಮತ್ತೆ ನೋಡಿ. ಅನುಮಾನ ಬಂದರೆ ಒಂದು ಹೊತ್ತಿನ ಊಟ ತಡವಾದರೂ ಪರವಾಗಿಲ್ಲ, ಏನೂ ಬಿಡಬೇಡಿ.

ಹೊಟ್ಟೆಯ ಪೆಗ್ ಟ್ಯೂಬ್ ಕಿತ್ತು ಬಂದುಬಿಟ್ಟರೆ?

ಹಾಕಿಸಿ ಕೆಲವೇ ವಾರ ಆಗಿದ್ದರೆ ನೀವಾಗಿಯೇ ವಾಪಸ್ ತೂರಿಸಲು ಹೋಗಬೇಡಿ. ದಾರಿ ಇನ್ನೂ ಗಟ್ಟಿಯಾಗಿರುವುದಿಲ್ಲ, ಟ್ಯೂಬ್ ಹೊಟ್ಟೆಯ ಬದಲು ಬೇರೆ ಕಡೆ ಹೋಗಬಹುದು. ಶುದ್ಧ ಬಟ್ಟೆ ಮುಚ್ಚಿ, ನೇರ ಆಸ್ಪತ್ರೆಗೆ.

ಹಳೆಯ ರಂಧ್ರವಾದರೆ ಸಮಯದ ಪ್ರಶ್ನೆ. ಕೆಲವೇ ಗಂಟೆಗಳಲ್ಲಿ ಅದು ಕಿರಿದಾಗುತ್ತಾ ಹೋಗುತ್ತದೆ. ಬೆಂಗಳೂರಿಗೆ ನಾಲ್ಕು ಗಂಟೆ ದೂರ ಇರುವ ನಮಗೆ ಇದು ದೊಡ್ಡ ಚಿಂತೆಯಾಗಿತ್ತು. ಹಾಗಾಗಿ ದಾರಿ ಮುಚ್ಚದಂತೆ ಒಂದು ಫೋಲಿ ಕ್ಯಾಥೆಟರ್ (ಮೂತ್ರಕ್ಕೆ ಹಾಕುವ ಮೆದು ನಳಿಕೆ) ಇಳಿಸಿ, ಟೇಪ್ ಅಂಟಿಸಿ, ಹೊರಡುವುದನ್ನು ನಮ್ಮ ಡಾಕ್ಟರ್ ಕಲಿಸಿಕೊಟ್ಟರು. ಕೈಹಿಡಿದು ಕಲಿಸಿದ ಮೇಲೆ ಮಾತ್ರ ಇದನ್ನು ಮಾಡಬೇಕು. ಆಸ್ಪತ್ರೆಯಲ್ಲಿ ಜಾಗ ಸರಿಯಿದೆ ಅಂತ ಖಚಿತವಾಗುವ ತನಕ ಅದರಲ್ಲಿ ನೀರನ್ನೂ ಬಿಡಬಾರದು.

ಬಾಯಲ್ಲಿ ತಿನ್ನಿಸುವಾಗ ಆಗಾಗ ನೆತ್ತಿಗೇರುತ್ತದೆ. ತಲೆ ತಟ್ಟಿದರೆ ಸರಿಹೋಗುತ್ತದಲ್ವಾ?

ಅಪರೂಪಕ್ಕೊಮ್ಮೆ ನೆತ್ತಿಗೇರಿದರೆ ಚಿಂತೆ ಇಲ್ಲ. ಪ್ರತಿ ಊಟಕ್ಕೂ ಆಗುತ್ತಿದ್ದರೆ ಅನ್ನ, ನೀರು ಶ್ವಾಸನಾಳಕ್ಕೆ ಇಳಿಯುತ್ತಿದೆ ಅಂತ ಅನುಮಾನಿಸಬೇಕು. ಕೆಲವು ಮಕ್ಕಳಿಗೆ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಇಳಿಯುತ್ತದೆ. ಅದು ಇನ್ನೂ ಅಪಾಯ. ಊಟ ಆದಮೇಲೆ ಧ್ವನಿ ಗೊರ ಗೊರ ಅನ್ನುವುದು, ಕಣ್ಣಲ್ಲಿ ನೀರು, ಪದೇ ಪದೇ ನ್ಯುಮೋನಿಯಾ, ಊಟಕ್ಕೆ ಒಂದು ಗಂಟೆ ಹಿಡಿಯುವುದು, ಇವು ಗುರುತುಗಳು. ಸ್ಪೀಚ್ ಥೆರಪಿಸ್ಟ್ ನುಂಗುವುದನ್ನು ಪರೀಕ್ಷೆ ಮಾಡುತ್ತಾರೆ. ಗಂಜಿ ಎಷ್ಟು ಗಟ್ಟಿ ಇರಬೇಕು ಅಂತ ಅವರೇ ಹೇಳುತ್ತಾರೆ.

ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ಸುರಿಯುವುದು ಮಾತ್ರ ಬೇಡವೇ ಬೇಡ. ನಮ್ಮ ಅತ್ತೆಯೂ ಪ್ರೀತಿಯಿಂದಲೇ ಹಾಗೆ ಮಾಡುತ್ತಿದ್ದರು. ಥೆರಪಿಸ್ಟ್ ಎದುರು ಕೂರಿಸಿ ತೋರಿಸಿದ ಮೇಲೆ ಅವರೇ ಎಲ್ಲರಿಗಿಂತ ಚೆನ್ನಾಗಿ ತಿನ್ನಿಸಲು ಕಲಿತರು. ಬೆನ್ನು ನೇರ, ಗದ್ದ ಸ್ವಲ್ಪ ಕೆಳಗೆ, ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಟ್ಯೂಬಿನ ಊಟಕ್ಕೂ ಇದೇ, ತಲೆಯ ಕಡೆ ಎತ್ತರ ಇರಲಿ.

ಫಿಟ್ಸ್ ಬಂದಾಗ ಏನು ಮಾಡಬೇಕು, ಏನು ಮಾಡಬಾರದು?

ಮೊದಲು ಗಡಿಯಾರ ನೋಡಿ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕತ್ತಿನ ಬಳಿ ಬಟ್ಟೆ ಸಡಿಲ ಮಾಡಿ, ಸುತ್ತ ಗಟ್ಟಿ ವಸ್ತು ಇದ್ದರೆ ಸರಿಸಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. ಬಹಳಷ್ಟು ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ, ಕಬ್ಬಿಣದಿಂದ ನಿಂತಿತು ಅಂತ ನಮಗೆ ಅನ್ನಿಸುತ್ತದೆ ಅಷ್ಟೇ. ಬಾಯಿಗೆ ಚಮಚ, ಬೆರಳು, ನೀರು ಏನೂ ಹಾಕಬೇಡಿ. ಗಟ್ಟಿಯಾಗಿ ಹಿಡಿದು ಅದುಮಬೇಡಿ.

5 ನಿಮಿಷ ದಾಟಿದರೆ ಡಾಕ್ಟರ್ ಬರೆದುಕೊಟ್ಟಿರುವ ಮಿಡಾಜೋಲಾಮ್ ಮೂಗಿನ ಸ್ಪ್ರೇ ಕೊಟ್ಟು 108ಕ್ಕೆ ಕರೆ ಮಾಡಿ. ಈ ಸ್ಪ್ರೇಗಳಲ್ಲೂ ಒಂದು ಒತ್ತಿಗೆ 0.5 ಮಿಲಿಗ್ರಾಂ ಬರುವುದಿದೆ, 1.25 ಮಿಲಿಗ್ರಾಂ ಬರುವುದೂ ಇದೆ. "ನಾಲ್ಕು ಸಲ ಒತ್ತಿ" ಅಂತ ಮಾತ್ರ ನೆನಪಿಟ್ಟುಕೊಂಡರೆ ಸಾಲದು, ಯಾವ ಸ್ಪ್ರೇ ಅನ್ನುವುದೂ ಮುಖ್ಯ. ಮಗುವಿನ ತೂಕ ಏರಿದ ಹಾಗೆ ಎಷ್ಟು ಸಲ ಒತ್ತಬೇಕು ಅನ್ನುವುದೂ ಬದಲಾಗುತ್ತದೆ. ಸ್ಪ್ರೇ ಡಬ್ಬಿಯ ಮೇಲೆ ಎಕ್ಸ್‌ಪೈರಿ ತಾರೀಖನ್ನು ದಪ್ಪ ಮಾರ್ಕರಿನಲ್ಲಿ ಬರೆಯಿರಿ. ವರ್ಷಗಟ್ಟಲೆ ಬೇಕಾಗದೆ ಇದ್ದು, ಬೇಕಾದ ದಿನ ಹಳತಾಗಿರುತ್ತದೆ. ಮಗು ನೀಲಿಗಟ್ಟಿದರೆ, ಒಂದು ಫಿಟ್ಸ್ ನಿಂತು ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ 5 ನಿಮಿಷ ಕಾಯಬೇಡಿ.

ಟ್ರಾಕಿಯಾಸ್ಟಮಿ, ಆಕ್ಸಿಜನ್ ಇರುವ ಮನೆಯಲ್ಲಿ ಕರೆಂಟ್ ಹೋದರೆ?

ಇದನ್ನು ಕರೆಂಟ್ ಇರುವಾಗಲೇ ಯೋಚಿಸಬೇಕು. ಕಫ ಎಳೆಯುವ ಸಕ್ಷನ್ ಮೆಷಿನ್ ಬ್ಯಾಟರಿ ಇರುವುದೇ? ಇಲ್ಲದಿದ್ದರೆ ಕಾಲಲ್ಲಿ ತುಳಿಯುವ ಸಕ್ಷನ್ ಒಂದು ಮನೆಯಲ್ಲಿರಲಿ. ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಕರೆಂಟ್ ಇಲ್ಲದೆ ನಡೆಯುವುದಿಲ್ಲ, ಜೊತೆಗೆ ಸಿಲಿಂಡರ್ ಬೇಕು. ಬಿ ಟೈಪ್ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1500 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 1 ಲೀಟರಿನಂತೆ ಬಿಟ್ಟರೆ 25 ಗಂಟೆ, 2 ಲೀಟರಿನಂತೆ ಬಿಟ್ಟರೆ ಹನ್ನೆರಡೂವರೆ ಗಂಟೆ. ನಿಮ್ಮ ಮಗುವಿನ ಲೆಕ್ಕವನ್ನು ಬರೆದು ಸಿಲಿಂಡರ್ ಮೇಲೇ ಚೀಟಿ ಅಂಟಿಸಿ. ಲೈನ್‌ಮನ್‌ಗೆ, ಸೆಕ್ಷನ್ ಆಫೀಸಿಗೆ ಮನೆಯಲ್ಲಿ ಮೆಷಿನ್ ಮೇಲಿರುವ ಮಗು ಇದೆ ಅಂತ ಬರೆದುಕೊಡಿ. ದೂರಿಗೆ 1912. ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರದ ಊರುಗಳಿವೆ. ಅಂಥ ಕಡೆ ಮಳೆ ಹಿಡಿಯುವ ಮೊದಲೇ ಎರಡನೇ ಸಿಲಿಂಡರ್ ತರಿಸಿಕೊಳ್ಳಿ.

ದೇವರ ದೀಪ, ಊದುಬತ್ತಿ, ಕರ್ಪೂರ ಆಕ್ಸಿಜನ್ ಇರುವ ಕೋಣೆಯಲ್ಲಿ ಬೇಡ. ದೃಷ್ಟಿ ತೆಗೆದು ಬೆಂಕಿ ಹಚ್ಚುವುದೂ ಬೇಡ. ಎಣ್ಣೆ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಬೇಡಿ.

ಟ್ರಾಕಿಯಾಸ್ಟಮಿ ಇರುವ ಮಗು ಹೋದಲ್ಲೆಲ್ಲ ಒಂದು ಚೀಲ ಹೋಗಬೇಕು. ಅದೇ ಸೈಜಿನ ಇನ್ನೊಂದು ಟ್ಯೂಬ್, ಒಂದು ಸೈಜ್ ಚಿಕ್ಕದು, ಕತ್ತರಿ, ಕಟ್ಟುವ ಟೇಪು, ಸಕ್ಷನ್ ಕ್ಯಾಥೆಟರ್. ಟ್ಯೂಬ್ ಕಟ್ಟಿಕೊಂಡರೆ ತೆಗೆದು ಹೊಸದು ಹಾಕಲು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಬರಬೇಕು. ಡಿಸ್ಚಾರ್ಜ್ ಮಾಡುವ ಮೊದಲು ಇಬ್ಬರಿಗೂ ಕಲಿಸಿ ಅಂತ ಪಟ್ಟು ಹಿಡಿಯಿರಿ. ಕಲಿಯದೆ ಮನೆಗೆ ಹೊರಡಬೇಡಿ.

ಮಾತು ಬಾರದ ಮಗುವಿಗೆ ನೋವಿದೆ ಅಂತ ಡಾಕ್ಟರಿಗೆ ಹೇಗೆ ಒಪ್ಪಿಸುವುದು?

ಮುಖ, ಕಾಲು, ಚಟುವಟಿಕೆ, ಅಳು, ಸಮಾಧಾನ, ಈ ಐದನ್ನು ನೋಡಿ ಅಂಕ ಕೊಡುವ ಫ್ಲಾಕ್ ಅನ್ನುವ ಅಳತೆ ಇದೆ. ನಮ್ಮ ಮಕ್ಕಳಂಥವರಿಗಾಗಿ ಅದನ್ನು ತಿದ್ದಿ, ಆ ಮಗುವಿನದೇ ಗುರುತುಗಳನ್ನು ಅಪ್ಪ ಅಮ್ಮನಿಂದ ಕೇಳಿ ಸೇರಿಸುವ ಹಾಗೆ ಮಾಡಿದ್ದಾರೆ. ನನ್ನ ಮಗ ನೋವಾದರೆ ಅಳುವುದಿಲ್ಲ, ತುಟಿ ಕಚ್ಚಿ ಸುಮ್ಮನಾಗುತ್ತಾನೆ. ಅವನು ಸುಮ್ಮನಿದ್ದಾನೆ ಅಂತ ಹೊರಗಿನವರಿಗೆ ಸಮಾಧಾನ, ನನಗೆ ಭಯ. ಅದು ಹಾಳೆಯಲ್ಲಿ ಬರೆದಿದೆ. ನಡೆಯದ ಮಕ್ಕಳ ಮೂಳೆ ತುಂಬಾ ಬಡಕಲಾಗಿರುತ್ತದೆ, ಡೈಪರ್ ಬದಲಾಯಿಸುವಾಗಲೂ ಮುರಿಯಬಹುದು. ಕಾರಣ ಗೊತ್ತಾಗದ ಅಳು ಇದ್ದರೆ ತಲೆಯಿಂದ ಕಾಲಿನ ತನಕ ಬಟ್ಟೆ ಬಿಚ್ಚಿ ನೋಡಿ. ಕಿವಿ, ಹಲ್ಲು, ಮಲಬದ್ಧತೆ, ಬೆರಳಿಗೆ ಸುತ್ತಿಕೊಂಡ ಕೂದಲು, ಕಾಲಿನ ಊತ. ಶಂಟ್ ಇರುವ ಮಗು ವಾಂತಿ ಮಾಡುತ್ತಾ ಮಂಕಾದರೆ ಹೊಟ್ಟೆ ಕೆಟ್ಟಿದೆ ಅಂತ ಕೂರಬೇಡಿ, ಶಂಟ್ ಕಟ್ಟಿಕೊಂಡಿರಬಹುದು.

ಅಡ್ಮಿಟ್ ಆದಾಗ ಪ್ರಶ್ನೆ ಕೇಳಿದರೆ ಡಾಕ್ಟರಿಗೆ, ಸಿಸ್ಟರಿಗೆ ಬೇಜಾರಾಗುತ್ತದೆ ಅಂತ ಹೆದರಿಕೆ.

ಆ ಹೆದರಿಕೆ ನನಗೂ ಇತ್ತು. "ಮಗು ಅವರ ಕೈಯಲ್ಲಿದೆ, ಸುಮ್ನೆ ಯಾಕೆ ಎದುರು ಮಾತು" ಅಂತ.

ಲಂಡನ್ನಿನ 13 ವರ್ಷದ ಹುಡುಗಿ ಮಾರ್ಥಾ ಮಿಲ್ಸ್ 2021ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹ ಹದಗೆಡುವುದು) ಆಗಿ ತೀರಿಕೊಂಡಳು. ಮಗಳು ಹದಗೆಡುತ್ತಿದ್ದಾಳೆ ಅಂತ ಅಪ್ಪ ಅಮ್ಮ ಹೇಳುತ್ತಲೇ ಇದ್ದರು. ಮೊದಲೇ ಐಸಿಯುಗೆ ಸಾಗಿಸಿದ್ದರೆ ಬಹುಶಃ ಉಳಿಯುತ್ತಿದ್ದಳು ಅಂತ ಆಮೇಲೆ ವಿಚಾರಣೆಯಲ್ಲಿ ತಿಳಿಯಿತು. ಆ ತಾಯಿಯ ಹೋರಾಟದಿಂದ 2024ರಿಂದ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಥಾ ನಿಯಮ ಬಂತು. ಮನೆಯವರಿಗೆ ಆತಂಕವಾದರೆ ಬೇರೊಂದು ತಂಡ ಬಂದು ನೋಡಲಿ ಅಂತ ಅವರೇ ಫೋನ್ ಮಾಡಿ ಕರೆಯಬಹುದು. ನಮ್ಮ ವಾರ್ಡುಗಳ ಗೋಡೆಯ ಮೇಲೆ ಅಂಥ ಫೋನ್ ನಂಬರ್ ಇರುವುದಿಲ್ಲ. ಆದರೆ ಹಿರಿಯ ಡಾಕ್ಟರನ್ನು ಕರೆಸಿ ಅಂತ ಕೇಳಬಹುದು, ಎರಡನೇ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮಾಡಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಅದು ಇದೆ.

ಹೇಗೆ ಕೇಳುವುದು ಅನ್ನುವುದೂ ಮುಖ್ಯ. ನಾನು ಹೀಗೆ ಹೇಳುತ್ತೇನೆ: "ಸರ್, ಇವನು ದಿನಾ ಹೀಗಿರಲ್ಲ. ನಿನ್ನೆ ಹೆಸರು ಕರೆದರೆ ನೋಡ್ತಿದ್ದ, ಇವತ್ತು ನೋಡ್ತಿಲ್ಲ. ದಯವಿಟ್ಟು ಒಂದು ಸಲ ಬಂದು ನೋಡಿ." ಹೊಸ ಇಂಜೆಕ್ಷನ್ ತಂದಾಗ: "ಸಿಸ್ಟರ್, ಇದು ಯಾವುದು, ಯಾತಕ್ಕೆ, ಎಷ್ಟು?" ಅವನ ಹೆಸರನ್ನು ಕೈಪಟ್ಟಿಯ ಜೊತೆ ನೋಡಿಕೊಳ್ಳಿ ಅಂತ ಕೇಳುತ್ತೇನೆ. ಒಂದೇ ವಾರ್ಡಿನಲ್ಲಿ ಇಬ್ಬರು ಪ್ರಜ್ವಲ್ ಇರುವುದು ಏನೂ ಅಪರೂಪ ಅಲ್ಲ. ಮುಟ್ಟುವ ಮೊದಲು ಕೈ ತೊಳೆಯಿರಿ ಅಂತ ಕೇಳುವುದಕ್ಕೂ ಈಗ ನಾಚಿಕೆ ಇಲ್ಲ. ಬಹಳಷ್ಟು ಸಿಸ್ಟರುಗಳು ನಕ್ಕು "ಒಳ್ಳೇದಾಯ್ತು ನೆನಪಿಸಿದ್ದು" ಅನ್ನುತ್ತಾರೆ. ಅವರೂ ಎಷ್ಟೋ ಮಕ್ಕಳನ್ನು ಒಟ್ಟಿಗೆ ನೋಡಿಕೊಳ್ಳುತ್ತಿರುತ್ತಾರೆ, ಪಾಪ.

ಮಗು ಕೀಟೋ ಆಹಾರದಲ್ಲಿದ್ದರೆ (ಫಿಟ್ಸ್ ತಡೆಯಲು ಕೊಡುವ, ಕೊಬ್ಬು ಜಾಸ್ತಿ, ಸಕ್ಕರೆ ಪಿಷ್ಟ ತೀರಾ ಕಡಿಮೆ ಇರುವ ಆಹಾರ) ಇದನ್ನು ಮೊದಲೇ ಹೇಳಿ: ಗ್ಲೂಕೋಸ್ ಡ್ರಿಪ್, ಸಕ್ಕರೆ ಇರುವ ಸಿರಪ್ ಆಹಾರದ ಕೆಲಸವನ್ನೇ ಕೆಡಿಸಬಹುದು.

ಡಿಸ್ಚಾರ್ಜ್ ದಿನ ಏನು ನೋಡಬೇಕು?

ಮನೆಗೆ ಹೋಗುವ ಸಂಭ್ರಮದಲ್ಲಿ ಬಸ್ಸಿನ ಟೈಮ್ ನೋಡುತ್ತೇವೆ, ಸಮ್ಮರಿ ಓದುವುದಿಲ್ಲ. ಹಳೆಯ ಔಷಧಿಗಳ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಪಕ್ಕದಲ್ಲಿಟ್ಟು ಯಾವುದು ನಿಂತಿತು, ಯಾವುದು ಸೇರಿತು, ಯಾವುದರ ಪ್ರಮಾಣ ಬದಲಾಯಿತು ಅಂತ ಒಂದೊಂದಾಗಿ ಕೇಳಿ. ನಂತರ ನೀವೇ ಬಾಯಿಬಿಟ್ಟು ವಾಪಸ್ ಹೇಳಿ, ಅವರು ಸರಿ ಅನ್ನಲಿ.

ಕೇಸ್ ಪೇಪರ್ ಕೊಡುವುದಿಲ್ಲ ಅಂದರೆ? ತಪ್ಪಾಗಿದೆ ಅನ್ನಿಸಿದರೆ ಎಲ್ಲಿ ಹೇಳುವುದು?

ಬರೆದು ಅರ್ಜಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ತಪ್ಪಾಗಿದೆ ಅನ್ನಿಸಿದರೆ ಮೊದಲು ಅದೇ ಆಸ್ಪತ್ರೆಯ ಮೇಲಿನವರ ಹತ್ತಿರ ಶಾಂತವಾಗಿ ಕೇಳಿ. ಏನಾಯಿತು, ಇನ್ನೊಂದು ಮಗುವಿಗೆ ಆಗದಂತೆ ಏನು ಮಾಡುತ್ತೀರಿ, ಈ ಎರಡು ಪ್ರಶ್ನೆ. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಔಷಧಿಯಿಂದ ಮೈಮೇಲೆ ದದ್ದು, ಊತದಂಥ ಅಡ್ಡ ಪರಿಣಾಮ ಆದರೆ 1800-180-3024ಕ್ಕೆ ಉಚಿತವಾಗಿ ತಿಳಿಸಬಹುದು, ಅದನ್ನು ರೋಗಿಯ ಮನೆಯವರೂ ಮಾಡಬಹುದು.

ನೆಗಡಿ, ಕೆಮ್ಮಿಗೆ ಅಂಗಡಿಯಿಂದ ಸಿರಪ್ ತರಬಹುದೇ?

ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಎಲ್ಲರಿಗೂ ನೆನಪಿದೆ. ಆಮೇಲೆ ಕೇಂದ್ರ ಆರೋಗ್ಯ ಇಲಾಖೆ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬೇಡಿ ಅಂತ ಹೇಳಿತು. ನಮ್ಮ ಮಕ್ಕಳಿಗೆ ಶುದ್ಧ ಸಿರಪ್ ಆದರೂ ತೊಂದರೆಯೇ. ಕೆಮ್ಮು ಅವರ ಕಫ ಹೊರಹಾಕುವ ದಾರಿ. ಅದನ್ನು ಅಡಗಿಸಿ ಮಂಪರು ಬರಿಸಿದರೆ ಕಫ ಒಳಗೇ ಉಳಿಯುತ್ತದೆ. ನಾಟಿ ಔಷಧಿ ಕೊಡುವವರು ಫಿಟ್ಸಿನ ಮಾತ್ರೆ ನಿಲ್ಲಿಸಿ ಅಂದರೆ ದಯವಿಟ್ಟು ಕೇಳಬೇಡಿ.

ಎಲ್ಲವೂ ನನಗೆ ಮಾತ್ರ ಗೊತ್ತು. ನಾನೇ ಮಲಗಿಬಿಟ್ಟರೆ?

ಎರಡು ವರ್ಷದ ಹಿಂದೆ ನನಗೆ ಡೆಂಗ್ಯೂ ಆಗಿ ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಮಗನನ್ನು ನನ್ನ ಅತ್ತಿಗೆ ನೋಡಿಕೊಂಡರು. ಅದಕ್ಕೂ ಮುಂಚೆ ತಿಂಗಳಿಗೊಂದು ಭಾನುವಾರ ಎಲ್ಲ ಕೆಲಸ ಅವರಿಂದಲೇ ಮಾಡಿಸಿ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಬಾಯಿ ಬಿಡುತ್ತಿರಲಿಲ್ಲ, ತಪ್ಪಿದರೆ ಮಾತ್ರ ಹೇಳುತ್ತಿದ್ದೆ. ಎಷ್ಟು ಹೊತ್ತಿಗೆ ಏನು ಅಂತ ಗೋಡೆಯ ಮೇಲೆ ಚಾರ್ಟ್ ಇತ್ತು, ಕೊಟ್ಟ ತಕ್ಷಣ ಟಿಕ್ ಹಾಕಬೇಕು, ಇಲ್ಲದಿದ್ದರೆ ಇಬ್ಬರೂ ಕೊಟ್ಟುಬಿಡುವ ಅಪಾಯ. ಆ ಮೂರು ದಿನದಲ್ಲಿ ಅವರು ನನಗೆ ಫೋನ್ ಮಾಡಿದ್ದು ಒಂದೇ ಸಲ, ಟ್ಯೂಬಿಗೆ ನೀರು ಬಿಡುವ ದೊಡ್ಡ ಸಿರಿಂಜು ಎಲ್ಲಿಟ್ಟಿದ್ದೀಯ ಅಂತ. ಅದನ್ನು ನಾನು ಬರೆದಿರಲಿಲ್ಲ. ಈಗ ಬರೆದಿದ್ದೇನೆ: ಅಡುಗೆಮನೆಯ ಶೆಲ್ಫು, ಮೇಲಿನ ಸಾಲು, ನೀಲಿ ಡಬ್ಬಿ.